ಒಂದು ದಾರಕ್ಕೆ ಮೂರು ಹುಳು

ಚೆಕ್ ಗಣರಾಜ್ಯದಲ್ಲೋ ಪೋಲೆಂಡಿನಲ್ಲೋ ಕಲ್ಲುಬಂಡೆಗಳ ನಡುವೆ ರಭಸದಿಂದ ಹರಿಯುವ ಒಂದು ಹೊಳೆ. ತೊಡೆಮಟ್ಟದ ತಣ್ಣೀರಿನಲ್ಲಿ ನಿಂತ ಮನುಷ್ಯ ಕೂದಲೆಳೆಯಂಥ ದಾರಕ್ಕೆ ನಕಲಿ ಹುಳುಗಳನ್ನು ಕಟ್ಟುತ್ತಿದ್ದಾನೆ. ಒಂದು ಕಟ್ಟಿದ. ಅರ್ಧ ಮೀಟರು ಬಿಟ್ಟು ಇನ್ನೊಂದು. ಮತ್ತೆ ಅರ್ಧ ಮೀಟರು ಬಿಟ್ಟು ಮೂರನೆಯದು. ನಮ್ಮ ಕೆರೆ ಏರಿಯ ಮೇಲೆ ಎರೆಹುಳು ಚುಚ್ಚಿ ಗಾಳ ಹಾಕಿ ಕೂತವರು ಇದನ್ನು ಕಂಡರೆ, 'ಒಂದೇ ಸಲಕ್ಕೆ ಮೂರು ಮೀನು ಬೇಕಂತೆ ಇವನಿಗೆ!' ಎಂದು ನಕ್ಕಾರು.

ಆಸೆ ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಒಂದೇ ಎಸೆತಕ್ಕೆ ಎರಡು ಮೀನು ಬೀಳುವುದೇ ಅಪರೂಪ; ಬಿದ್ದರೆ ಅವು ಒಂದೊಂದು ಕಡೆಗೆ ಎಳೆದು ದಾರವನ್ನು ಹರಿದು ಹಾಕುವುದೇ ಹೆಚ್ಚು. ಆ ಮನುಷ್ಯನಿಗೆ ಮೀನಿಗಿಂತ ಮೊದಲು ಬೇಕಾದದ್ದು ಒಂದು ಉತ್ತರ. ಈ ಹೊತ್ತಿನಲ್ಲಿ, ಈ ಮಡುವಿನಲ್ಲಿ, ಮೀನು ಎಷ್ಟು ಆಳದಲ್ಲಿ ಮೇಯುತ್ತಿದೆ? ಯಾವ ಹುಳುವನ್ನು ತಿನ್ನುತ್ತಿದೆ? ಹರಿಯುವ ನೀರಿನೊಳಗೆ ಕಣ್ಣು ಹಾಯುವುದಿಲ್ಲ. ಆದ್ದರಿಂದ ಅವನು ಮೂರು ಆಳಗಳಲ್ಲಿ ಮೂರು ಪ್ರಶ್ನೆಗಳನ್ನು ಇಳಿಬಿಡುತ್ತಾನೆ. ಪ್ರಶ್ನೆ ಕೇಳುವುದು ಸುಲಭ. ಉತ್ತರವನ್ನು ಓದಲು ಮಾತ್ರ ಯಾವ ಹುಳು ಎಲ್ಲಿ ತೂಗುತ್ತಿದೆ ಎಂಬುದು ತಿಳಿದಿರಬೇಕು. ಕಟ್ಟುವ ವಿದ್ಯೆಯೆಲ್ಲ ಇರುವುದು ಇಷ್ಟಕ್ಕಾಗಿಯೇ. ಮೀನು ತಿನ್ನದವರ ಮನೆಯ ಮಕ್ಕಳೂ ಇದರಲ್ಲಿ ಕಲಿಯುವುದು ಸಾಕಷ್ಟಿದೆ.

ದಾರವೇ ತೂಕ

ತೇಜಸ್ವಿಯವರನ್ನು ಓದಿದ ಕನ್ನಡಿಗರಿಗೆ ಗಾಳದ ಹುಚ್ಚು ಹೊಸದೇನಲ್ಲ. ನಮ್ಮಲ್ಲಿ ರೂಢಿಯಲ್ಲಿರುವುದು ಕೋಲು, ದಾರ, ಬೆಂಡು, ಸೀಸದ ಗುಂಡು, ಕೊಕ್ಕೆ ಮತ್ತು ಎರೆಹುಳು. ಎಸೆದಾಗ ಗುಂಡಿನ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. 'ಫ್ಲೈ ಫಿಶಿಂಗ್' ಎಂಬ ಬಗೆಯಲ್ಲಿ ಇದು ತಿರುವುಮುರುವು. ಕೊಕ್ಕೆಗೆ ಗರಿ, ನೂಲು, ತುಪ್ಪಟ ಸುತ್ತಿ ಮಾಡಿದ ನಕಲಿ ಹುಳುವಿಗೆ ಹೇಳಿಕೊಳ್ಳುವಂಥ ತೂಕವಿಲ್ಲ. ಅದಕ್ಕಾಗಿ ದಾರವನ್ನೇ ದಪ್ಪಗೆ, ಭಾರವಾಗಿ ಮಾಡಿ ಚಾಟಿಯಂತೆ ಬೀಸುತ್ತಾರೆ. ದಾರ ಹೋದಲ್ಲಿಗೆ ಹುಳು ಹೋಗುತ್ತದೆ. ದಪ್ಪ ದಾರ ಮೀನಿನ ಕಣ್ಣಿಗೆ ಬೀಳಬಾರದಲ್ಲ? ಹಾಗಾಗಿ ಅದರ ತುದಿಗೆ 9 ಅಡಿಯಷ್ಟು ಉದ್ದದ, ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತ ಸಪೂರವಾಗುವ ಎಳೆಯೊಂದನ್ನು ಜೋಡಿಸುತ್ತಾರೆ. ಅದು 'ಲೀಡರ್'. ಅದರ ಕೊನೆಗೆ ಸೇರಿಸುವ ಇನ್ನೂ ಸಪೂರವಾದ ಎಳೆ 'ಟಿಪೆಟ್'. ಹುಳುಗಳನ್ನು ಕಟ್ಟುವುದು ಈ ಕೊನೆಯ ಭಾಗದಲ್ಲಿ.

ಈ ಆಟ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿಗೆ ರೋಮಿನ ಈಲಿಯನ್ ಎಂಬ ಲೇಖಕ, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಸಿಕ್ಕಿಸಿ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ.

ಲೀಡರಿನ ಹಿಂದೆ ರೇಷ್ಮೆಯದೂ ಒಂದು ಕತೆಯಿದೆ. ನೈಲಾನನ್ನು ಅಮೆರಿಕದ ಡುಪಾಂಟ್ ಕಂಪೆನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕೆರೋದರ್ಸ್ ತಂಡ ತಯಾರಿಸಿದ್ದು 1935ರಲ್ಲಿ. ಅದಕ್ಕೂ ಮೊದಲು ಲೀಡರ್ ಮಾಡುತ್ತಿದ್ದುದು ರೇಷ್ಮೆ ಹುಳುವಿನಿಂದ. ಬಿಚ್ಚಿದ ಗೂಡಿನ ನೂಲಿನಿಂದಲ್ಲ! ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನಿಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಹೊರತೆಗೆದು, ಎರಡೂ ಕೈಯಿಂದ ಎಳೆದು ಒಂದೇ ಗಟ್ಟಿ ಎಳೆಯಾಗಿ ಮಾಡುತ್ತಿದ್ದರು. ಸ್ಪೇನಿನ ಮುರ್ಸಿಯಾ ಈ ಕಸುಬಿಗೆ ಹೆಸರಾಗಿತ್ತು. ಒಣಗಿದಾಗ ಆ ಎಳೆ ಪಟಕ್ಕನೆ ಮುರಿಯುತ್ತಿತ್ತು. ಗಂಟು ಹಾಕುವ ಮೊದಲು ನೀರಿನಲ್ಲಿ ನೆನೆಹಾಕಲೇಬೇಕಿತ್ತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ರಾಶಿ ನೋಡಿದ ನಮಗೆ ರೇಷ್ಮೆ ಎಂದರೆ ಸೀರೆ. ಅವರಿಗೆ ಅದು ಗಾಳದ ದಾರವೂ ಆಗಿತ್ತು.

ಕಲ್ಲಿನ ಅಡಿಯ ಅಪ್ಸರೆಯರು

ಟ್ರೌಟ್ ಮೀನು ನೀರಿನ ಮೇಲೆ ಕೂತ ಕೀಟವನ್ನು ಗಬಕ್ಕನೆ ನುಂಗುವ ಚಿತ್ರಗಳನ್ನು ನೀವು ಕಂಡಿರಬಹುದು. ಚಿತ್ರಕ್ಕೆ ಚೆಂದ. ಆದರೆ ಅದರ ಊಟದ ಹೆಚ್ಚು ಪಾಲು ನಡೆಯುವುದು ನೀರಿನೊಳಗೆ, ತಳಕ್ಕೆ ಹತ್ತಿರವಾಗಿ. ಅಲ್ಲಿ ಸಿಗುವುದು ರೆಕ್ಕೆ ಬಾರದ ಎಳೆಯ ಕೀಟಗಳು. ಇಂಗ್ಲಿಷಿನಲ್ಲಿ ಇವಕ್ಕೆ 'ನಿಂಫ್' ಎಂದು ಹೆಸರು. ಬೆಳೆಗೆ ಬರುವ ಕೀಟಗಳ ಬಗ್ಗೆ ನಮ್ಮ ಕೃಷಿ ಪುಟಗಳಲ್ಲಿ 'ಅಪ್ಸರೆ ಮತ್ತು ಪ್ರೌಢ ಕೀಟಗಳು ರಸ ಹೀರುತ್ತವೆ' ಎಂದು ಬರುತ್ತದಲ್ಲ, ಅದೇ ಅಪ್ಸರೆ. ರಂಭೆ, ಊರ್ವಶಿಯರ ನೆನಪಾದರೆ ತಪ್ಪು ಅನುವಾದಕರದು. ಆರು ಕಾಲಿನ ಈ ಕಂದುಬಣ್ಣದ ಜೀವಿಗೆ ಸೌಂದರ್ಯದ ಹಂಗಿಲ್ಲ.

ಮೇಫ್ಲೈ ಎಂಬ ಕೀಟವನ್ನೇ ತೆಗೆದುಕೊಳ್ಳಿ. ಅದರ ಬಾಳಿನ ಬಹುಪಾಲು, ಅಂದರೆ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷವೋ ಎರಡು ವರ್ಷವೋ, ಹೊಳೆಯ ತಳದಲ್ಲಿ ಕಳೆಯುತ್ತದೆ. ಆಮೇಲೆ ಒಂದು ದಿನ ನೀರಿನ ಮೇಲಕ್ಕೇರಿ, ಚರ್ಮ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತದೆ. ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಕೀಟ ಇದೊಂದೇ. ಆದರೆ ಆ ರೆಕ್ಕೆಯ ಬಾಳು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಪ್ರೌಢ ಕೀಟ ಏನನ್ನೂ ತಿನ್ನುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಹೀಗಿರುವಾಗ ಮೀನು ಆ ಒಂದು ಸಂಜೆಗಾಗಿ ಕಾದು ಕೂತೀತೆ? ವರ್ಷವಿಡೀ ತಳದಲ್ಲಿ ಸಿಗುವ ಊಟವನ್ನೇ ಅದು ನೆಚ್ಚಿಕೊಂಡಿದೆ.

ಕ್ಯಾಡಿಸ್ ಎಂಬ ಇನ್ನೊಂದು ಕೀಟದ ಮರಿ ತನ್ನದೇ ರೇಷ್ಮೆಯಿಂದ ಮರಳುಕಣ, ಕಡ್ಡಿಚೂರುಗಳನ್ನು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಳ್ಳುತ್ತದೆ. ಅದು ತಳ ಬಿಟ್ಟು ಏಳುವುದು ಕಡಿಮೆ. ಸ್ಟೋನ್‌ಫ್ಲೈ ಮರಿಯೂ ಕಲ್ಲಿಗೆ ಕಚ್ಚಿಕೊಂಡೇ ಇರುತ್ತದೆ. ಮೇಫ್ಲೈ ಮರಿ ಮಾತ್ರ ರೆಕ್ಕೆ ಬರುವ ಹೊತ್ತಿಗೆ ತಳದಿಂದ ನಡುನೀರಿಗೆ, ಅಲ್ಲಿಂದ ಮೇಲಕ್ಕೆ ಪಯಣ ಹೊರಡುತ್ತದೆ. ಎಂದರೆ ಹೊಳೆಯ ಒಂದೊಂದು ಪದರದಲ್ಲಿ ಒಂದೊಂದು ಬಗೆಯ ಊಟ. ಹೊತ್ತು ಕಳೆದಂತೆ ಆ ಪಾತ್ರೆಗಳು ಮೇಲೆ ಕೆಳಗೆ ಆಗುತ್ತಿರುತ್ತವೆ. ಮೂರು ಹುಳು ಕಟ್ಟುವವನ ಲೆಕ್ಕವೂ ಇದೇ: ತಳಕ್ಕೆ ಕ್ಯಾಡಿಸ್, ನಡುವೆ ಮೇಫ್ಲೈ ಮರಿ, ಮೇಲೆ ಈಗಷ್ಟೇ ಪೊರೆ ಬಿಡಲು ಹೊರಟ ಪುಟ್ಟ ಹುಳು.

ವಕೀಲರ ಚಮಚ

ಒಂದೇ ದಾರಕ್ಕೆ ಹಲವು ಹುಳು ಕಟ್ಟುವುದು ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಹೊಳೆಗಳಲ್ಲಿ ಹಳೆಯ ರೂಢಿ. ದಕ್ಷಿಣ ಇಂಗ್ಲೆಂಡಿನ ಶ್ರೀಮಂತರ ನದಿಗಳಲ್ಲಿ ಹಾಗಲ್ಲ. ಸುಣ್ಣಕಲ್ಲಿನ ಬುಗ್ಗೆಗಳಿಂದ ಹುಟ್ಟಿ ಗಾಜಿನಂತೆ ಹರಿಯುವ ಆ ನದಿಗಳಲ್ಲಿ, ಫ್ರೆಡರಿಕ್ ಹಾಲ್ಫರ್ಡ್ 1886ರಲ್ಲಿ ತೇಲುವ ಹುಳುಗಳ ಕುರಿತು ಪುಸ್ತಕ ಬರೆದ ಮೇಲೆ, ನೀರಿನ ಮೇಲೆ ತೇಲುವ ಒಂದೇ ಒಂದು ಹುಳುವಿನಿಂದ ಮೀನು ಹಿಡಿಯುವುದು ಸಜ್ಜನರ ಲಕ್ಷಣವೆಂಬ ಮಡಿ ಬೆಳೆಯಿತು. ಮುಳುಗುವ ಹುಳು ಹಾಕುವವನನ್ನು ಪಂಕ್ತಿಯಿಂದ ಎಬ್ಬಿಸಿದಂತೆ ನೋಡುತ್ತಿದ್ದರು.

ಈ ಮಡಿಯನ್ನು ಪ್ರಶ್ನಿಸಿದವರು ಜಿ.ಇ.ಎಂ. ಸ್ಕ್ಯೂಸ್ (1858-1949) ಎಂಬ ವಕೀಲರು. ಅವರದು ವಾದವಲ್ಲ, ಸಾಕ್ಷ್ಯ. ಎಲುಬಿನೊಳಗಿನ ಮಜ್ಜೆ ತೆಗೆಯುವ ಉದ್ದನೆಯ ಸಪೂರ ಚಮಚವೊಂದನ್ನು ಹಿಡಿದ ಮೀನಿನ ಗಂಟಲಿನೊಳಗೆ ಇಳಿಸಿ, ಹೊಟ್ಟೆಯಲ್ಲಿದ್ದುದನ್ನು ಹೊರತೆಗೆದು, ಬಿಳಿ ತಟ್ಟೆಯ ನೀರಿನಲ್ಲಿ ಹರಡಿ ನೋಡುತ್ತಿದ್ದರು. ನೀರಿನ ಮೇಲೆ ಕೀಟ ತಿನ್ನುತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದ ಮೀನಿನ ಹೊಟ್ಟೆಯ ತುಂಬ ರೆಕ್ಕೆಯಿಲ್ಲದ ನಿಂಫ್‌ಗಳು! ಮೀನು ಮೂತಿ ಎತ್ತಿದಾಗ ಏಳುವ ಅಲೆ ಮೇಲೆ ಕಂಡರೂ ತಿನಿಸು ಇದ್ದುದು ನೀರಿನ ಮೇಲ್ಮೈಗೆ ತುಸು ಕೆಳಗೆ. 1910ರ ಅವರ ಮೊದಲ ಪುಸ್ತಕದಿಂದಲೇ ಜಗಳ ಶುರುವಾಯಿತು. ಅದು ಬೆಳೆದು 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಬಹಿರಂಗ ಚರ್ಚೆಯೇ ನಡೆಯಿತು. ಎಂಬತ್ತರ ಹೊಸ್ತಿಲಲ್ಲಿದ್ದ ಸ್ಕ್ಯೂಸ್ ಪರ ಮಾತಾಡಿದವರು ಕಡಿಮೆ. 1883ರಿಂದ ತಾವು ಗಾಳ ಹಾಕುತ್ತಿದ್ದ ಇಚನ್ ನದಿಯ ದಂಡೆಯನ್ನು ಅವರು ಅದೇ ವರ್ಷ ಬಿಟ್ಟರು. ತಟ್ಟೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿದ್ದಕ್ಕೆ ಇಷ್ಟು!

ಮುಂದೆ ಈ ವಿದ್ಯೆಯನ್ನು ಬೆಳೆಸಿದವರು ಪುಸ್ತಕದ ಪಂಡಿತರಲ್ಲ. ಫ್ರಾಂಕ್ ಸಾಯರ್ (1906-1980) ವಿಲ್ಟ್‌ಷೈರ್ ಸೀಮೆಯ ಏವನ್ ನದಿಯ ಕಾವಲುಗಾರ. ಕಳೆ ಕೀಳುವುದು, ದಂಡೆ ಕಟ್ಟುವುದು, ಮೀನಿನ ಕಳ್ಳರನ್ನು ಓಡಿಸುವುದು ಆತನ ಕೆಲಸ. ದಿನವಿಡೀ ನೀರು ನೋಡುವವನಿಗೆ ಕಂಡ ಒಂದು ಸಣ್ಣ ಸಂಗತಿ: ಈಜುವ ನಿಂಫ್ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ. ಹಾಗಿದ್ದರೆ ನಕಲಿ ಹುಳುವಿಗೆ ಕಾಲು ಏಕೆ? ಸಾಯರ್ ಕಾಲನ್ನೇ ಕೈಬಿಟ್ಟ. ನೂಲನ್ನೂ ಕೈಬಿಟ್ಟ. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯಿಂದಲೇ ಫೆಸೆಂಟ್ ಹಕ್ಕಿಯ ಬಾಲದ ಗರಿಯೆಳೆಗಳನ್ನು ಕೊಕ್ಕೆಗೆ ಸುತ್ತಿದ. ತಾಮ್ರ ನೂಲೂ ಆಯಿತು, ಮುಳುಗಿಸುವ ಭಾರವೂ ಆಯಿತು, ಒಳಗಿನಿಂದ ಮಿನುಗುವ ಬಣ್ಣವೂ ಆಯಿತು. ಫೆಸೆಂಟ್ ನಮ್ಮ ನವಿಲು, ಕಾಡುಕೋಳಿಗಳ ಕುಲದ್ದೇ. ಇಂದಿಗೂ ಜಗತ್ತಿನ ಯಾವ ಟ್ರೌಟ್ ಹೊಳೆಗೆ ಹೋದರೂ ಗಾಳದವರ ಪೆಟ್ಟಿಗೆಯಲ್ಲಿ ಈ ಹುಳು ಇರುತ್ತದೆ.

ಮೇಲೆ ಓಟ, ಕೆಳಗೆ ನಡಿಗೆ

ಹುಳು ಎಷ್ಟೇ ಚೆನ್ನಾಗಿರಲಿ, ಅದು ಹೋಗುವ ವೇಗ ತಪ್ಪಾದರೆ ಮೀನು ಮೂತಿ ತಿರುಗಿಸುತ್ತದೆ. ಹರಿಯುವ ನೀರಿನ ವೇಗ ಎಲ್ಲ ಆಳದಲ್ಲೂ ಒಂದೇ ಅಲ್ಲ. ತಳದ ಕಲ್ಲುಗಳಿಗೆ ಉಜ್ಜಿಕೊಂಡು ಹೋಗುವ ಪದರ ನಿಧಾನ. ಮೇಲಿನ ಪದರ ಜೋರು. ಟ್ರೌಟ್ ತಳಕ್ಕೆ ಅಂಟಿಕೊಂಡಿರುವುದೂ ಇದಕ್ಕೇ. ಎದುರು ಈಜುವ ಶ್ರಮ ಅಲ್ಲಿ ಕಡಿಮೆ. ನಿಜವಾದ ನಿಂಫ್ ಕಾಲು ಜಾರಿ ತೇಲಿ ಬರುವಾಗ ತಳದ ನೀರಿನ ನಿಧಾನದಲ್ಲೇ ಬರುತ್ತದೆ. ಆದರೆ ದಾರಕ್ಕೆ ಕಟ್ಟಿದ ನಕಲಿ ಹುಳುವನ್ನು ಮೇಲಿನ ವೇಗದ ನೀರು ದಾರದ ಮೂಲಕ ಎಳೆಯುತ್ತದೆ. ಸುತ್ತಲಿನ ಕಸಕಡ್ಡಿ ನಡೆಯುತ್ತಿರುವಾಗ ಒಂದು ಹುಳು ಮಾತ್ರ ಓಡಿದರೆ? ಅನುಮಾನ ಬಾರದಿದ್ದೀತೆ!

ಎರಡನೆಯ ಹುಳುವಿನ ದೊಡ್ಡ ಉಪಕಾರ ಇಲ್ಲಿದೆ. ಬಹಳ ಸಣ್ಣ ಹುಳುವನ್ನು ಒಂದನ್ನೇ ಕಟ್ಟಿದರೆ ಅದು ತಳ ಮುಟ್ಟುವುದೇ ಇಲ್ಲ. ಅದೇ ದಾರದಲ್ಲಿ ಭಾರದ ಹುಳುವೊಂದಿದ್ದರೆ ಅದು ಲಂಗರಿನಂತೆ ಸಣ್ಣದನ್ನೂ ತನ್ನ ಜೊತೆ ನಿಧಾನದ ಪದರಕ್ಕೆ ಇಳಿಸುತ್ತದೆ. ಎಷ್ಟೋ ಸಲ ಮೀನು ಕಚ್ಚುವುದು ಸಣ್ಣದನ್ನೇ. ಭಾರದ್ದು ಬರೀ ಹಮಾಲಿ.

ದಾರದ ದಪ್ಪವೂ ಮುಖ್ಯ. ಸಪೂರ ದಾರಕ್ಕೆ ನೀರಿನ ಹಿಡಿತ ಕಡಿಮೆ, ಹುಳು ಬೇಗ ಇಳಿಯುತ್ತದೆ. ಟಿಪೆಟ್‌ನ ದಪ್ಪಕ್ಕೆ ಒಂದು ವಿಚಿತ್ರ ಅಳತೆಯಿದೆ: 3 ಎಕ್ಸ್, 4 ಎಕ್ಸ್, 5 ಎಕ್ಸ್. ಹನ್ನೊಂದರಿಂದ ಆ ಸಂಖ್ಯೆಯನ್ನು ಕಳೆದರೆ ಬರುವುದು ಇಂಚಿನ ಸಾವಿರದ ಭಾಗಗಳಲ್ಲಿ ದಾರದ ವ್ಯಾಸ. 5 ಎಕ್ಸ್ ಎಂದರೆ 11ರಲ್ಲಿ 5 ಹೋಗಿ 6, ಅಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರು. ಸಂಖ್ಯೆ ದೊಡ್ಡದಾದಷ್ಟೂ ದಾರ ಸಪೂರ.

ಕಟ್ಟುವ ಬಗೆ

ಎರಡು ಹುಳು ಕಟ್ಟುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಸುಲಭದ್ದು ಮೊದಲು. ಲೀಡರಿನ ತುದಿಗೆ ಒಂದು ಹುಳು ಕಟ್ಟಿ, ಅದರ ಕೊಕ್ಕೆಯ ಬಾಗಿಗೇ 30ರಿಂದ 45 ಸೆಂ.ಮೀ. ಉದ್ದದ ಇನ್ನೊಂದು ಎಳೆ ಕಟ್ಟಿ, ಅದರ ತುದಿಗೆ ಎರಡನೆಯ ಹುಳು. ರೈಲು ಬೋಗಿಗಳ ಹಾಗೆ ಸಾಲಾಗಿ. ಸಿಕ್ಕು ಬೀಳುವುದು ಕಡಿಮೆ. ಕತ್ತಲಾಗುವ ಹೊತ್ತಿನಲ್ಲೂ ಕಟ್ಟಬಹುದು. ಆದರೆ ಮೇಲಿನ ಹುಳುವಿನ ಎರಡೂ ಕಡೆ ದಾರ ಎಳೆಯುವುದರಿಂದ ಅದು ಬಿಡುಬೀಸಾಗಿ ಆಡುವುದಿಲ್ಲ. ಕೊಕ್ಕೆಯ ಬಾಗಿನಲ್ಲೇ ದಾರವಿರುವುದರಿಂದ ಮೀನಿನ ತುಟಿಗೆ ಅದು ಅಡ್ಡ ಬರುವುದೂ ಉಂಟು. ಮುಳ್ಳಿಲ್ಲದ ಕೊಕ್ಕೆಯಾದರೆ ಗಂಟು ಜಾರಿ ಹೋಗಬಹುದು.

ಎರಡನೆಯದು ಕವಲು ಕಟ್ಟುವುದು. ಹೆಚ್ಚು ಪಳಗಿದವರ ಒಲವು ಇದಕ್ಕೆ. ನನ್ನ ಮತವೂ ಇದಕ್ಕೇ. ಲೀಡರಿನ ತುದಿಯನ್ನೂ ಹೊಸ ಎಳೆಯ ಮೊದಲ ತುದಿಯನ್ನೂ ಒಂದರ ಪಕ್ಕ ಒಂದು 25 ಸೆಂ.ಮೀ.ನಷ್ಟು ಜೋಡಿಸಿ ಹಿಡಿಯಿರಿ. ಎರಡನ್ನೂ ಸೇರಿಸಿ ಒಂದು ಕುಣಿಕೆ ಮಾಡಿ. ಕೆಳಗಿನ ಕಡೆಯ ಎರಡು ಎಳೆಗಳನ್ನು, ಅಂದರೆ ಲೀಡರಿನ ತುದಿಯನ್ನೂ ಹೊಸ ಎಳೆಯನ್ನು ಪೂರ್ತಿಯಾಗಿಯೂ, ಕುಣಿಕೆಯೊಳಗಿಂದ ಮೂರು ಸಲ ಸುತ್ತಿ ತನ್ನಿ. ಎಂಜಲು ಹಚ್ಚಿ ಒದ್ದೆ ಮಾಡಿ. ನಾಲ್ಕೂ ಎಳೆಗಳನ್ನು ಹಿಡಿದು ಮೆಲ್ಲಗೆ ಬಿಗಿಯಿರಿ. ಇದಕ್ಕೆ ಸರ್ಜನ್ಸ್ ಗಂಟು ಎನ್ನುತ್ತಾರೆ. ಈಗ ಗಂಟಿನಿಂದ ಎರಡು ಮೋಟು ತುದಿಗಳು ಹೊರಗೆ ಚಾಚಿರುತ್ತವೆ: ಒಂದು ಮೇಲ್ಮುಖ, ಒಂದು ಕೆಳಮುಖ. ಮೇಲ್ಮುಖದ್ದನ್ನು ಕತ್ತರಿಸಿಬಿಡಿ. ಕೆಳಮುಖದ್ದು ಲೀಡರಿನದೇ ಮುಂದುವರಿಕೆ; ಅದನ್ನು 12ರಿಂದ 15 ಸೆಂ.ಮೀ. ಉಳಿಸಿ, ಅದಕ್ಕೊಂದು ಹುಳು ಕಟ್ಟಿ. ಉದ್ದನೆಯ ಹೊಸ ಎಳೆಯ ತುದಿಗೆ ಇನ್ನೊಂದು. ಮೂರನೆಯದು ಬೇಕಿದ್ದರೆ ನಡುವೆ ಅದೇ ರೀತಿ ಇನ್ನೊಂದು ಗಂಟು.

ಕೆಳಮುಖದ್ದೇ ಏಕೆ? ಲೀಡರಿನ ಎಳೆ ತುಸು ದಪ್ಪ, ಬಿರುಸು. ಅದು ಮುಖ್ಯ ದಾರದಿಂದ ಸ್ವಲ್ಪ ದೂರ ಚಾಚಿ ನಿಲ್ಲುತ್ತದೆ, ಸುತ್ತಿಕೊಳ್ಳುವುದಿಲ್ಲ. ಕವಲು ಬಹಳ ಉದ್ದವಾದರೆ ಮುಖ್ಯ ದಾರಕ್ಕೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ. ಗಿಡ್ಡವಾದರೆ ಹುಳು ದಾರಕ್ಕೆ ಅಂಟಿದಂತಿರುತ್ತದೆ, ಎರಡು ಸಲ ಹುಳು ಬದಲಿಸುವಷ್ಟರಲ್ಲಿ ಮುಗಿದೇ ಹೋಗುತ್ತದೆ.

ಗಂಟನ್ನು ಒದ್ದೆ ಮಾಡುವುದು ಶಾಸ್ತ್ರಕ್ಕಲ್ಲ. ಒಣ ನೈಲಾನ್ ಬಿಗಿಯುವಾಗ ತನಗೆ ತಾನೇ ಉಜ್ಜಿ ಬಿಸಿಯಾಗುತ್ತದೆ, ಆ ಬಿಸಿಗೆ ಎಳೆ ದುರ್ಬಲವಾಗುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು. ಶಾಲೆಯ ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿ, ಅಂಗಡಿಯಲ್ಲಿ ಸಿಗುವ ತೆಳು ನೈಲಾನ್ ದಾರ, ಕೊಕ್ಕೆಯ ಬದಲು ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪು. ಹತ್ತು ಗಂಟು ಒದ್ದೆ ಮಾಡಿ ಬಿಗಿದದ್ದು, ಹತ್ತು ಒಣಗಿದ್ದಾಗಲೇ ಬಿಗಿದದ್ದು. ಪ್ರತಿಯೊಂದೂ ಎಷ್ಟು ಭಾರಕ್ಕೆ ಕಡಿಯಿತೆಂದು ಬರೆದಿಟ್ಟು ಸರಾಸರಿ ತೆಗೆಯಿರಿ. ದಾರ ಕಡಿದಾಗ ಸಿಡಿಯುವುದರಿಂದ ದೊಡ್ಡವರು ಪಕ್ಕದಲ್ಲಿರಲಿ, ಕಣ್ಣಿಗೆ ಕನ್ನಡಕವಿರಲಿ. ಗಂಟು ಕಲಿಯುವುದಕ್ಕಂತೂ ಎರಡು ಬಣ್ಣದ ದಪ್ಪ ಹುರಿ ಸಾಕು. ಮಕ್ಕಳ ಕೈಗೆ ಮೊದಲ ದಿನವೇ ನಿಜವಾದ ಕೊಕ್ಕೆ ಬೇಡ.

ಇನ್ನೊಂದು ನಿಯಮ: ಕೆಳಗೆ ಹೋದಂತೆ ದಾರ ಸಪೂರವಾಗಬೇಕು. ತುದಿಯ ಹುಳು ಕಲ್ಲಿನ ಸಂದಿಗೆ ಸಿಕ್ಕಿಕೊಂಡು ಎಳೆಯಬೇಕಾದಾಗ ಕಡಿಯುವುದು ಅತಿ ಸಪೂರ ಎಳೆ. ಹೋಗುವುದು ಒಂದೇ ಹುಳು. ಇದನ್ನು ಉಲ್ಟಾ ಮಾಡಿದರೆ ಇಡೀ ಸಂಸಾರವೇ ಹೊಳೆಗೆ.

ಮೇಲಿನದು ತೇಲುವ ಹುಳು, ಅದರಿಂದ ಇಳಿಬಿಟ್ಟದ್ದು ನಿಂಫ್ ಎಂಬ ಜೋಡಿಯೂ ಉಂಟು. ತೇಲುವ ಹುಳು ನಮ್ಮ ಬೆಂಡಿನ ಕೆಲಸ ಮಾಡುತ್ತದೆ: ಅದು ತಟಕ್ಕನೆ ನಿಂತರೆ, ಮುಳುಗಿದರೆ, ಕೆಳಗೆ ಏನೋ ಕಚ್ಚಿದೆ. ತಿಳಿನೀರಿನ ಕಿರುಹೊಳೆಗೆ ಕಲಿಯುವವರು ಇದರಿಂದ ಶುರುಮಾಡುವುದು ಒಳ್ಳೆಯದು.

ಚೆಕ್ ಮತ್ತು ಪೋಲಿಷ್ ಗಾಳಗಾರರ ದಾರಿ ಬೇರೆ. ಈ ಆಟಕ್ಕೆ ವಿಶ್ವ ಸ್ಪರ್ಧೆ ಶುರುವಾದದ್ದು 1981ರಲ್ಲಿ, ಲಕ್ಸೆಂಬರ್ಗಿನಲ್ಲಿ. ಆ ದಶಕದಲ್ಲೇ ಪೂರ್ವ ಯೂರೋಪಿನವರ ಮೂರು ಹುಳುವಿನ ಪದ್ಧತಿ ಉಳಿದವರ ಕಣ್ಣಿಗೆ ಬಿತ್ತು. ಅವರು ದಪ್ಪ ದಾರವನ್ನು ದೂರ ಬೀಸುವುದೇ ಇಲ್ಲ. ಕೋಲಿನ ತುದಿಯ ಕೆಳಗೇ, ತಮ್ಮ ಕಾಲಬುಡದ ರಭಸದ ನೀರಿನಲ್ಲೇ ಹುಳುಗಳನ್ನು ಇಳಿಸಿ, ದಾರವನ್ನು ತುಸು ಬಿಗಿಯಾಗಿಟ್ಟು ನೀರಿನ ಜೊತೆ ಕೋಲನ್ನು ಸಾಗಿಸುತ್ತಾರೆ. ಹಳೆಯ ಚೆಕ್ ರೂಢಿಯಲ್ಲಿ ಅತಿ ಭಾರದ ಹುಳು ನಡುವೆ, ಹಗುರದವು ಎರಡು ಕಡೆ.

ಹೇಳಿದ್ದು ಯಾರು?

ಇನ್ನು ಉತ್ತರ ಓದುವ ವಿಚಾರ. ಎರಡು ಹುಳುಗಳ ನಡುವೆ 50 ಸೆಂ.ಮೀ. ದಾರವಿದೆ ಎಂದಮಾತ್ರಕ್ಕೆ ಅವುಗಳ ಆಳದಲ್ಲಿ 50 ಸೆಂ.ಮೀ. ಅಂತರವಿದೆಯೆ? ಇಲ್ಲ. ನೀರಿನಲ್ಲಿ ದಾರ ಓರೆಯಾಗಿರುತ್ತದೆ. ನೀರಿನ ಮಟ್ಟಕ್ಕೆ 45 ಡಿಗ್ರಿ ಓರೆಯಿದ್ದರೆ ಆಳದ ಅಂತರ 35 ಸೆಂ.ಮೀ.; 30 ಡಿಗ್ರಿಯಿದ್ದರೆ ಬರೀ 25. ಹತ್ತನೆಯ ತರಗತಿಯ ಸೈನ್, ಕೊಸೈನ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದೊಂದು ಉತ್ತರ.

ಕೆಳಗೆ ಕಂದು ಹುಳು, ಮೇಲೆ ಹಸಿರು ಹುಳು ಕಟ್ಟಿದ್ದೀರಿ ಎನ್ನೋಣ. ಸಾಲಾಗಿ ಮೂರು ಮೀನು ಕಂದಿಗೆ ಬಿದ್ದವು. ಮೀನಿಗೆ ಕಂದು ಇಷ್ಟ ಎಂದು ಹೇಳಬಹುದೆ? ಕಂದು ಎಂಬ ಕಾರಣಕ್ಕೋ, ಅದು ತಳದಲ್ಲಿತ್ತು ಎಂಬ ಕಾರಣಕ್ಕೋ? ಎರಡು ಸಂಗತಿಗಳನ್ನು ಒಟ್ಟಿಗೇ ಬದಲಿಸಿದ್ದರಿಂದ ಎರಡರಲ್ಲಿ ಯಾವುದು ಕಾರಣವೆಂದು ಹೇಳಲು ಬರುವುದಿಲ್ಲ. ಹುಳುಗಳ ಜಾಗ ಅದಲುಬದಲು ಮಾಡಿ ನೋಡಬೇಕು. ಈಗ ಹಸಿರು ತಳದಲ್ಲಿ. ಆದರೂ ಮೇಲಿನ ಕಂದಿಗೇ ಬಿದ್ದರೆ ಬಣ್ಣವೋ ಆಕಾರವೋ ಕಾರಣ. ಹಸಿರಿಗೆ ಬೀಳತೊಡಗಿದರೆ ಕಾರಣ ಆಳ. ಎರಡರ ತೂಕ ಒಂದೇ ಇರಬೇಕು ಎಂಬುದನ್ನು ಮರೆಯಬೇಡಿ. ಇಲ್ಲದಿದ್ದರೆ ಜಾಗ ಬದಲಿಸಿದಾಗ ಆಳವೂ ಬದಲಾಗಿ ಲೆಕ್ಕವೆಲ್ಲ ಕೆಡುತ್ತದೆ. ಅಲ್ಲದೆ ಮೂರು ಮೀನು ಬಹಳ ದೊಡ್ಡ ಸಾಕ್ಷಿಯೂ ಅಲ್ಲ. ನಾಣ್ಯವನ್ನು ಮೂರು ಸಲ ಚಿಮ್ಮಿಸಿದರೆ ಮೂರು ಸಲವೂ ಒಂದೇ ಮುಖ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಔಷಧಿ ಪರೀಕ್ಷಿಸುವವರು, ಬೀಜದ ತಳಿ ಪರೀಕ್ಷಿಸುವವರು ಮಾಡುವುದೂ ಇದೇ ಯೋಚನೆ.

ಮೂರು ಹುಳುವಾದರೆ ಉತ್ತರ ಇನ್ನೂ ಬೇಗ ಸಿಗಬೇಕಲ್ಲ ಎನ್ನಬಹುದು. ಸಿಕ್ಕು ಬಿಡಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದರೆ ಕಲಿಯುವವರಿಗೆ ಎರಡೇ ಲಾಭ. ಗಾಳಿ ಜೋರಿದ್ದ ದಿನ ಒಂದೇ. ಬೀಸುವಾಗಲೂ ಚಾಟಿಯಂತೆ ಹಿಂದೆ ಮುಂದೆ ನಾಲ್ಕು ಸಲ ಆಡಿಸದೆ, ಅಗಲವಾದ ಕುಣಿಕೆಯಲ್ಲಿ ಒಂದೇ ಬೀಸಿಗೆ ನಿಧಾನವಾಗಿ ಹಾಕಬೇಕು.

ಸೀಸ ಮತ್ತು ಹಂಸ

ಭಾರಕ್ಕೆ ಹಿಂದೆ ಸೀಸವೇ ಗತಿಯಾಗಿತ್ತು. ಇಂಗ್ಲೆಂಡಿನ ನದಿಗಳಲ್ಲಿ ಹಂಸಗಳು ಒಂದೊಂದಾಗಿ ಸಾಯತೊಡಗಿದಾಗ ಕಾರಣ ಹುಡುಕಿದರು. ಹಲ್ಲಿಲ್ಲದ ಹಂಸ ತಿಂದದ್ದನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುತ್ತದೆ. ಗಾಳದವರು ಬೀಳಿಸಿದ ಸೀಸದ ಗುಂಡುಗಳೂ ಅದಕ್ಕೆ ಕಲ್ಲೇ. ಹೊಟ್ಟೆಯಲ್ಲಿ ಅವು ಅರೆದು ರಕ್ತಕ್ಕೆ ಸೇರಿ ಹಕ್ಕಿ ನರಳಿ ಸಾಯುತ್ತಿತ್ತು. ಗಾಳಕ್ಕೆ ಹೆಚ್ಚಾಗಿ ಬಳಸುವ ಅಳತೆಯ ಸೀಸದ ಗುಂಡುಗಳನ್ನು ಅಲ್ಲಿ 1987ರಿಂದ ನಿಷೇಧಿಸಿದರು.

ಈಗ ನಿಂಫ್‌ನ ತಲೆಗೆ ಪೋಣಿಸುವುದು ಟಂಗ್‌ಸ್ಟನ್ ಮಣಿ. ಸೀಸದ ಸಾಂದ್ರತೆ 11.3, ಟಂಗ್‌ಸ್ಟನ್‌ನದು 19.3, ಹೆಚ್ಚುಕಡಿಮೆ ಚಿನ್ನದಷ್ಟು. 3 ಮಿಲಿಮೀಟರು ವ್ಯಾಸದ ಗಟ್ಟಿ ಗುಂಡು ಎಂದುಕೊಂಡು ಲೆಕ್ಕ ಹಾಕಿದರೆ ಹಿತ್ತಾಳೆಯದು 0.12 ಗ್ರಾಂ, ಟಂಗ್‌ಸ್ಟನ್‌ನದು 0.27 ಗ್ರಾಂ. ಹುಳುವಿನ ಗಾತ್ರ ಬೆಳೆಯದೆ ಭಾರ ಎರಡು ಪಟ್ಟಿಗೂ ಹೆಚ್ಚು. ನಮ್ಮ ಕೆರೆಗಳಲ್ಲಿ ಇನ್ನೂ ಸೀಸದ ಗುಂಡನ್ನೇ ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಹುಡುಗರಿದ್ದಾರೆ. ತಂದೆತಾಯಿಗಳು ಅದನ್ನು ಇಂದೇ ನಿಲ್ಲಿಸಬೇಕು. ಸೀಸ ಮಕ್ಕಳ ಮಿದುಳಿಗೆ ವಿಷ.

ಕೊಕ್ಕೆ ಹೆಚ್ಚಾದಷ್ಟೂ ಮೀನಿಗೂ ಅಪಾಯ ಹೆಚ್ಚು. ಒಂದು ಕೊಕ್ಕೆ ಬಾಯಲ್ಲಿದ್ದಾಗ ಇನ್ನೊಂದು ಒದ್ದಾಡುವ ಮೈಗೆ, ಕಣ್ಣಿಗೆ ಚುಚ್ಚಬಹುದು. ಹಿಡಿದು ಬಿಡುವುದೇ ಪದ್ಧತಿಯಾದ ಕಡೆ ಇದು ಸಣ್ಣ ಮಾತಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮೂರಕ್ಕಿಂತ ಹೆಚ್ಚು ಹುಳು ಸಲ್ಲದು, ಕೊಕ್ಕೆಗೆ ಹಿಮ್ಮುಳ್ಳು ಇರಕೂಡದು, ದಾರಕ್ಕೆ ಬೇರೆ ಗುಂಡು ಕಟ್ಟಕೂಡದು. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಹೊಳೆಗಳಲ್ಲಿ ದಾರಕ್ಕೆ ಒಂದೇ ಕೊಕ್ಕೆ ಎಂಬ ಕಾನೂನೇ ಇದೆ.

ನಮ್ಮ ಹೊಳೆಗಳಲ್ಲಿ

ಟ್ರೌಟ್ ಭಾರತದ ಮೀನಲ್ಲ. ಸ್ಕಾಟ್ಲೆಂಡಿನಿಂದ ಮೊಟ್ಟೆ ತರಿಸಿ 1900ರಲ್ಲಿ ಕಾಶ್ಮೀರದಲ್ಲಿ ಬೆಳೆಸಿದರು. ಆಮೇಲೆ ಹಿಮಾಚಲದ ನದಿಗಳಿಗೂ ಬಂತು. ನಮಗೆ ಹತ್ತಿರದ್ದೆಂದರೆ ನೀಲಗಿರಿ ಮತ್ತು ಮುನ್ನಾರಿನ ಬೆಟ್ಟದ ಹಳ್ಳಗಳು. ಈ ಆಟದ ಕುರಿತು ಭಾರತದಲ್ಲಿ ಬಂದ ಹಳೆಯ ದೊಡ್ಡ ಪುಸ್ತಕ ಮಾತ್ರ ನಮ್ಮ ಕರಾವಳಿಯದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಮೊದಲು ಅಚ್ಚಾದದ್ದು 1873ರಲ್ಲಿ, ಮಂಗಳೂರಿನಲ್ಲಿ.

ಕಾವೇರಿಯ ಹೆಸರಾಂತ ಡುಬ್ಬದ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಅದಕ್ಕೊಂದು ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅಭಯಾರಣ್ಯಗಳ ನೀರಿನಲ್ಲಿ, ದೇವಸ್ಥಾನದ ಮತ್ಸ್ಯಧಾಮಗಳಲ್ಲಿ ಗಾಳದ ಮಾತೇ ಇಲ್ಲ. ಬೇರೆಡೆಯೂ ಕೇಳಿ ಅನುಮತಿ ಪಡೆದೇ ನೀರಿಗಿಳಿಯಬೇಕು.

ನಿಂಫ್ ನೋಡುವುದಕ್ಕೆ ಮಾತ್ರ ಗಾಳವೂ ಬೇಡ, ಟ್ರೌಟೂ ಬೇಡ. ಮಲೆನಾಡಿನ ಯಾವುದಾದರೂ ಹಳ್ಳದಲ್ಲಿ, ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಮೊಣಕಾಲಿಗಿಂತ ಕಡಿಮೆ ನೀರಿರುವ ಕಡೆ ಒಂದು ಅಂಗೈಯಗಲದ ಕಲ್ಲೆತ್ತಿ ನೋಡಿ. ಬಿಳಿ ತಟ್ಟೆಯೊಂದಿರಲಿ. ಮೂರು ಬಾಲದ, ಹೊಟ್ಟೆಯ ಅಂಚಿನಲ್ಲಿ ಕಿವಿರುಗಳು ಪಟಪಟನೆ ಆಡುವುದು ಸಾಮಾನ್ಯವಾಗಿ ಮೇಫ್ಲೈ ಮರಿ. ಎರಡೇ ಬಾಲವಿದ್ದು ಪ್ರತಿ ಕಾಲಿನ ತುದಿಗೂ ಜೋಡಿ ಉಗುರಿದ್ದರೆ ಸ್ಟೋನ್‌ಫ್ಲೈ. ಮರಳಿನ ಕೊಳವೆಯೊಂದು ತಾನಾಗಿ ನಡೆಯತೊಡಗಿದರೆ ಕ್ಯಾಡಿಸ್. ಕೊಳಕು ನೀರಿನಲ್ಲಿ ಈ ಮೂರೂ ವಿರಳವಾಗುವುದರಿಂದ ಹೊಳೆಯ ಆರೋಗ್ಯ ಅಳೆಯುವವರು ಇವನ್ನೇ ಎಣಿಸುತ್ತಾರೆ. ಯಾವ ಕಲ್ಲಿನಡಿ ಯಾವುದು, ಎಷ್ಟು ಎಂದು ಬರೆದುಕೊಂಡಾದ ಮೇಲೆ ತಟ್ಟೆಯ ನೀರನ್ನು ಅಲ್ಲಿಗೇ ಸುರಿದು, ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಮಲಗಿಸಿ ಬನ್ನಿ.